ಪ್ರತಿಕ್ರಿಯೆ: 'ಐ ವರ್ಕ್' ಸರಿಯೋ, 'ಐ ಆಮ್ ವರ್ಕಿಂಗ್' ಸರಿಯೋ?

ಕೆಲಸದ ಅರ್ಜಿಯ ಎರಡು ಸಾಲು ಸರಿಯಿದೆಯಾ ಅಂತ ಕೇಳಿದ್ದೀರಿ: 'ಐ ಆಮ್ ವರ್ಕಿಂಗ್ ಇನ್ ಎ ಬ್ಯಾಂಕ್', 'ಐ ಆಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯೆನ್ಸ್'. ಮೊದಲನೆಯದು ತಪ್ಪಲ್ಲ. ಆದರೆ ಓದಿದವರಿಗೆ ಈ ಕೆಲಸ ಸದ್ಯಕ್ಕೆ ಮಾತ್ರ ಅನ್ನಿಸಬಹುದು. ಕಾಯಂ ನೌಕರಿಯಾದರೆ 'ಐ ವರ್ಕ್' ಅಂತಲೇ ಬರೆಯಿರಿ. ಮೂರು ತಿಂಗಳ ಟ್ರೈನಿಂಗ್‌ಗೆ ಸೇರಿದ್ದರೆ 'ಐ ಆಮ್ ವರ್ಕಿಂಗ್' ಚೆನ್ನಾಗಿ ಹೊಂದುತ್ತದೆ.

ಎರಡನೆಯದನ್ನು ಖಂಡಿತ ತಿದ್ದಿ. 'ಐ ಹ್ಯಾವ್' ಸಾಕು. ಇದಕ್ಕೆ ಸುಳಿವು ಕನ್ನಡದಲ್ಲೇ ಇದೆ. ಗೊತ್ತು, ಬೇಕು, ಇಷ್ಟ, ಇದೆ: ಇವಕ್ಕೆ 'ಉತ್ತಿದೆ' ನೇರವಾಗಿ ಅಂಟುವುದೇ ಇಲ್ಲ, ಅಲ್ವಾ? ಇಂಗ್ಲಿಷಿನ ನೋ, ವಾಂಟ್, ಲೈಕ್, ಹ್ಯಾವ್ ಕೂಡ ಹೆಚ್ಚುಕಡಿಮೆ ಹಾಗೇ. ಇವು ನಾವು ಮಾಡುವ ಕೆಲಸವಲ್ಲ, ಇರುವ ಸ್ಥಿತಿ. 'ಐ ಆಮ್ ಹ್ಯಾವಿಂಗ್ ಲಂಚ್' ಸರಿ, ಯಾಕೆಂದರೆ ಅಲ್ಲಿ ಹ್ಯಾವ್ ಅಂದರೆ ಊಟ ಮಾಡುವುದು.

ಕನ್ನಡ ನಮ್ಮ ದಾರಿ ತಪ್ಪಿಸುವ ಜಾಗವೂ ಒಂದಿದೆ. 'ದಿನಾ ಬರುತ್ತೇನೆ', 'ನಾಳೆ ಬರುತ್ತೇನೆ', ಎರಡಕ್ಕೂ ಒಂದೇ ರೂಪ. ಹಾಗಾಗಿ 'ಐ ಕಮ್ ಟುಮಾರೊ' ಅಂತ ಬರೆದುಬಿಡುತ್ತೇವೆ. ಮೊದಲೇ ಗೊತ್ತುಮಾಡಿಕೊಂಡ ಭೇಟಿಗೆ 'ಐ ಆಮ್ ಕಮಿಂಗ್ ಟುಮಾರೊ' ಅನ್ನಬೇಕು. ರೈಲು, ಬಸ್ಸಿನ ವೇಳಾಪಟ್ಟಿಯ ಮಾತಾದರೆ ಬೇರೆ. ಅಲ್ಲಿ 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ' ಧಾರಾಳವಾಗಿ ನಡೆಯುತ್ತದೆ.

ಅರ್ಜಿ ಕಳಿಸುವ ಮುಂಚೆ ಉಳಿದ ಸಾಲುಗಳನ್ನೂ ಇಲ್ಲಿ ಹಾಕಿ, ನೋಡೋಣ.