ಮೆತ್ತಗಿರುವ ಸೀಟೇ ನೋವಿಗೆ ಮೂಲ: ಎಲೆಕ್ಟ್ರಿಕ್ ಬೈಕ್ ಸವಾರರ ಪ್ರಶ್ನೆಗಳಿಗೆ ಉತ್ತರ

‘ಯಾವ ಫೋಮ್ ಹಾಕಿಸಲಿ?’ ಎಂಬ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇದೆ. ಸೀಟಿನ ಆಕಾರ ಹೇಗಿದೆ, ಇಳಿಜಾರು ಎಷ್ಟಿದೆ ಎಂದು ಒಬ್ಬರೂ ಬರೆಯುವುದಿಲ್ಲ. ಅಳತೆ ಕೊಡದೆ ಬಟ್ಟೆ ಯಾವುದು ಒಳ್ಳೆಯದು ಎಂದು ದರ್ಜಿಯನ್ನು ಕೇಳಿದ ಹಾಗೆ ಇದು. ಅದಕ್ಕೇ ಈ ಸಲ ಮೊದಲ ಪತ್ರಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ನನ್ನದು ಎಲೆಕ್ಟ್ರಿಕ್ ಬೈಕ್. ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 80 ಕಿ.ಮೀ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕುಂಡಿ ನೋವು ಶುರುವಾಗುತ್ತದೆ, ಜೊತೆಗೆ ಮುಂದಕ್ಕೆ ಜಾರುತ್ತಿರುತ್ತೇನೆ. ಅಂಗಡಿಯವರು ಜೆಲ್ ಸೀಟ್ ಹಾಕಿಸಿ ಎನ್ನುತ್ತಾರೆ, ಗೆಳೆಯ ಮೆಮೊರಿ ಫೋಮ್ ಎನ್ನುತ್ತಾನೆ. ಯಾವುದು ಒಳ್ಳೆಯದು ಸರ್?
– ಓದುಗರು, ತುಮಕೂರು

ಜೆಲ್ಲೂ ಬೇಡ, ಮೆಮೊರಿ ಫೋಮೂ ಬೇಡ. ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ನೋವಿನದಲ್ಲ, ಜಾರುವುದರದು.

ಪೆಟ್ರೋಲ್ ಬೈಕಿನಲ್ಲಿ ಕ್ಲಚ್ಚು, ಗೇರು ಎಂದು ಎಡಗೈ ಎಡಗಾಲು ಆಡುತ್ತಲೇ ಇರುತ್ತವೆ. ಆ ನೆಪದಲ್ಲಿ ಕೂತ ಭಂಗಿಯೂ ಒಂದಿಷ್ಟು ಬದಲಾಗುತ್ತದೆ. ಬಹುತೇಕ ಎಲೆಕ್ಟ್ರಿಕ್ ಬೈಕುಗಳಲ್ಲಿ ಅದಿಲ್ಲ, ಮೈಯ ಭಾರವೆಲ್ಲ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅದರ ಮೇಲೆ ರೀಜೆನ್ ಬ್ರೇಕಿಂಗ್. ಥ್ರಾಟಲ್ ಬಿಟ್ಟ ಕೂಡಲೇ ಮೋಟಾರು ಜನರೇಟರಾಗಿ ಚಕ್ರವನ್ನು ಹಿಡಿದೆಳೆಯುತ್ತದೆ. ಗಾಡಿ ನಿಧಾನವಾಗುತ್ತದೆ, ನಿಮ್ಮ ಮೈ ಮುಂದಕ್ಕೆ ಹೋಗುತ್ತದೆ. ಸೀಟು ಹ್ಯಾಂಡಲ್ ಕಡೆಗೆ ಇಳಿಜಾರಾಗಿದ್ದರೆ ಟ್ರಾಫಿಕ್ಕಿನಲ್ಲಿ ನೂರಾರು ಸಲ ಹೀಗೆ ಜಾರುತ್ತೀರಿ. ಅಗಲವಾದ ಜಾಗ ಬಿಟ್ಟು ಮುಂದಿನ ಕಿರಿದಾದ ಏಣಿನ ಮೇಲೆ ಬಂದು ಕೂರುತ್ತೀರಿ. ಕುಂಡಿಯಷ್ಟೇ ಅಲ್ಲ, ಮಣಿಕಟ್ಟೂ ನೋಯುತ್ತದೆ, ಏಕೆಂದರೆ ಜಾರದಿರಲು ಕೈಯಲ್ಲಿ ಹ್ಯಾಂಡಲ್ ಒತ್ತಿ ಹಿಡಿದಿರುತ್ತೀರಿ.

ಆದ್ದರಿಂದ ಖರ್ಚಿಲ್ಲದ ಕೆಲಸ ಮೊದಲು. ರೀಜೆನ್ ಮಟ್ಟವನ್ನು ಒಂದೆರಡು ಹಂತ ಇಳಿಸಿ ಒಂದು ವಾರ ಓಡಿಸಿ. ಅಲ್ಟ್ರಾವಯೊಲೆಟ್ ಎಫ್77 ಮ್ಯಾಕ್ 2ರಂಥ ಗಾಡಿಯಲ್ಲಿ 10 ಹಂತಗಳಿವೆ, ಕೆಲವು ಗಾಡಿಗಳಲ್ಲಿ ರೈಡ್ ಮೋಡ್ ಬದಲಿಸಿದರೆ ರೀಜೆನ್ ಕೂಡ ಬದಲಾಗುತ್ತದೆ. ನೋವು ಅಷ್ಟಕ್ಕೇ ಕಡಿಮೆಯಾದರೆ ದೋಷ ಫೋಮಿನದ್ದಲ್ಲ, ಇಳಿಜಾರಿನದ್ದು.

ಇನ್ನು ಅಳತೆ. ಸೈಡ್ ಸ್ಟ್ಯಾಂಡ್ ಮೇಲೆ ಅಳೆಯಬೇಡಿ. ಸಮತಟ್ಟಾದ ನೆಲದ ಮೇಲೆ ಒಬ್ಬರು ಗಾಡಿಯನ್ನು ನೆಟ್ಟಗೆ ಹಿಡಿದುಕೊಳ್ಳಲಿ. ನೀವು ಕೂರುವ ಜಾಗದಲ್ಲಿ ಉದ್ದುದ್ದಕ್ಕೆ 30 ಸೆಂ.ಮೀ. ಸ್ಕೇಲ್ ಇಟ್ಟು, ಅದರ ಮೇಲೆ ಮೊಬೈಲ್ ಇಟ್ಟು ಲೆವೆಲ್ ಆ್ಯಪ್ ನೋಡಿ. ಮುಂದಕ್ಕೆ 5 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಇಳಿಜಾರು ಸರಿಪಡಿಸದೆ ಬೇರೆ ಏನನ್ನೂ ಮಾಡಿಸಬೇಡಿ. ಹಿಂದೆ ಕತ್ತರಿಸಬೇಕಿಲ್ಲ, ಮುಂದೆ ತುಂಬಿಸಿದರೆ ಸಾಕು. ಮುಂತುದಿಯಲ್ಲಿ 15 ಮಿ.ಮೀ. ದಪ್ಪವಿದ್ದು, ಹಿಂದಕ್ಕೆ 20 ಸೆಂ.ಮೀ. ಹೋಗುವಷ್ಟರಲ್ಲಿ ಸೊನ್ನೆಗೆ ಇಳಿಯುವ ಬೆಣೆಯಾಕಾರದ ತುಂಡು ಸುಮಾರು 4 ಡಿಗ್ರಿ ವಾಲಿಕೆ ತೆಗೆಯುತ್ತದೆ.

ಎರಡನೆಯದು ಅಗಲ. ಕೂತಾಗ ಭಾರ ಹೊರುವುದು ಕುಂಡಿಯ ಕೆಳಗಿನ ಎರಡು ಮೂಳೆಗಳು. ಗಟ್ಟಿ ಬೆಂಚಿನ ಮೇಲೆ ಏಣಿರುವ ಪ್ಯಾಕಿಂಗ್ ರಟ್ಟು ಹಾಕಿ, ಕಾಲ ಕೆಳಗೆ ಒಂದು ಸಣ್ಣ ಸ್ಟೂಲ್ ಇಟ್ಟು ಎರಡು ನಿಮಿಷ ಅಲುಗಾಡದೆ ಕೂರಿ. ರಟ್ಟಿನಲ್ಲಿ ಎರಡು ತಗ್ಗು ಬೀಳುತ್ತವೆ. ಅವುಗಳ ನಡುಬಿಂದುಗಳ ಅಂತರ ಸಾಮಾನ್ಯವಾಗಿ 10ರಿಂದ 14 ಸೆಂ.ಮೀ. ಇರುತ್ತದೆ, ಹೆಂಗಸರಲ್ಲಿ ಹೆಚ್ಚಾಗಿ ತುಸು ಅಗಲ. ಸೀಟಿನ ಮೇಲ್ಭಾಗದ ಸಪಾಟು ಜಾಗ ಆ ಅಂತರಕ್ಕಿಂತ ಎರಡೂ ಬದಿಗೆ ಮೂರು ಮೂರು ಸೆಂ.ಮೀ. ಹೆಚ್ಚಿರಲಿ. ಮೂಳೆ 12 ಎಂದರೆ ಸೀಟು 18. ಸಪಾಟು ಎಂದರೆ ಸಪಾಟು. ಬದಿಗೆ ಇಳಿಯುವ ದುಂಡು ಭಾಗ ಲೆಕ್ಕಕ್ಕಿಲ್ಲ. ಹೊಸ ಸೀಟು ಕೊಳ್ಳುವಾಗ ಚಿತ್ರ ನೋಡಿ ದುಡ್ಡು ಕಳಿಸಬೇಡಿ, ಈ ಒಂದು ಅಳತೆ ಕೇಳಿ. ಹೇಳಲು ಬಾರದವರ ಸೀಟು ಬೇಡ.

ಈಗ ಫೋಮ್. ಶೋರೂಮಿನಲ್ಲಿ ಐದು ನಿಮಿಷ ಕೂತಾಗ ಮೆತ್ತಗಿನ ಸೀಟು ಹಿತವೆನಿಸುತ್ತದೆ. ಮುಕ್ಕಾಲು ಗಂಟೆ ಓಡಿಸಿದ ಮೇಲೆ ಫೋಮ್ ಕುಸಿದು ಮೂಳೆ ತಳದ ಪ್ಲಾಸ್ಟಿಕ್ಕಿಗೆ ತಾಗುತ್ತದೆ, ಸುತ್ತಲಿನ ಫೋಮ್ ಮೇಲೆದ್ದು ತೊಡೆಸಂದಿಯ ಮೆದು ಭಾಗವನ್ನು ಒತ್ತುತ್ತದೆ. ಪರೀಕ್ಷೆ ಸುಲಭ: ಸೀಟಿನ ಮೇಲೆ ಒಂದು ಮೊಣಕಾಲು ಊರಿ ಪೂರ್ತಿ ಭಾರ ಬಿಡಿ. ತಳದ ಗಟ್ಟಿ ಮಂಡಿಗೆ ತಾಗಿದರೆ ಆ ಸೀಟು ಕೆಲಸಕ್ಕೆ ಬಾರದು.

ನಿಮ್ಮ ಕಂಪನಿ ಸೀಟನ್ನೇ ಕುಶನ್ ವರ್ಕ್ಸ್‌ನವರಿಂದ ಸರಿಮಾಡಿಸಬಹುದು. ಹೀಗೆ ಮಾಡಲು ಹೇಳಿ. ಮೂಳೆ ಕೂರುವ ಜಾಗವನ್ನು ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಅಲ್ಲಿ 25 ಮಿ.ಮೀ. ಆಳಕ್ಕೆ ಹಳೆ ಫೋಮ್ ತೆಗೆಯಬೇಕು. ಅದರ ಕೆಳಗೆ ಇನ್ನೂ 30 ಮಿ.ಮೀ. ಆದರೂ ಉಳಿಯಬೇಕು, ಅಷ್ಟು ದಪ್ಪವೇ ಇಲ್ಲದಿದ್ದರೆ ಕತ್ತರಿಸದೆ ಮೇಲೆ ಏರಿಸಲಿ. ಆ ಗುಂಡಿಗೆ 20 ಮಿ.ಮೀ. ರೀಬಾಂಡೆಡ್ ಫೋಮ್ (ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ ಗಟ್ಟಿ ಫೋಮ್), ಡೆನ್ಸಿಟಿ 80ರಿಂದ 100. ಅದರ ಮೇಲೆ ಇಡೀ ಸೀಟಿಗೆ 10 ಮಿ.ಮೀ. ಮೆತ್ತನೆಯ, 40 ಡೆನ್ಸಿಟಿಯ ಫೋಮ್. ಅಂಟಿಸುವ ಸೊಲ್ಯೂಷನ್ ಎರಡೂ ಕಡೆ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ದಪ್ಪಗೆ ಸುರಿದರೆ ಅದು ಗಟ್ಟಿ ಹಪ್ಪಳದಂತಾಗಿ ಸರಿಯಾಗಿ ಮೂಳೆಯ ಕೆಳಗೇ ಚುಚ್ಚುತ್ತದೆ. ಸೀಟು ಗಾಡಿಯಿಂದ ಕಳಚಿ ದೂರದಲ್ಲಿಟ್ಟೇ ಈ ಕೆಲಸ ಆಗಬೇಕು, ಸೊಲ್ಯೂಷನ್ ಆವಿಗೆ ಒಂದು ಕಿಡಿ ಸಾಕು. ಒಂದು ದಿನ ಒಣಗಲು ಬಿಟ್ಟು ಆಮೇಲೆ ಕವರ್.

ಡೆನ್ಸಿಟಿ ಹೆಸರಿನಲ್ಲಿ ನಡೆಯುವ ಮೋಸ ನೋಡಿದರೆ ಸಿಟ್ಟು ಬರುತ್ತದೆ. ಡೆನ್ಸಿಟಿ ಎಂದರೆ ಗಟ್ಟಿತನವಲ್ಲ, ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕೆ.ಜಿ. ಎಂಬ ಲೆಕ್ಕ. ಅಂಗಡಿಯಲ್ಲೇ ತೂಗಿಸಿ: 30 ಸೆಂ.ಮೀ. ಉದ್ದ, 30 ಅಗಲ, 2 ದಪ್ಪದ ತುಂಡು ನಿಜಕ್ಕೂ 100ರದ್ದಾದರೆ 180 ಗ್ರಾಂ ತೂಗಬೇಕು. 40ರದ್ದಾದರೆ 72 ಗ್ರಾಂ. ಇಷ್ಟು ಸಣ್ಣ ತೂಕಕ್ಕೆ ತಕ್ಕಡಿ ಕೊಡಲು ಹಿಂಜರಿಯುವವರಿಂದ ಫೋಮ್ ಕೊಳ್ಳಬೇಡಿ.

ಜೆಲ್ ಬೇಡ ಎಂದದ್ದಕ್ಕೆ ಕಾರಣ ಬಿಸಿಲು. ಜೆಲ್ ಭಾರದ ವಸ್ತು, ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಬಯಲಲ್ಲಿ ನಿಲ್ಲಿಸಿದ ಗಾಡಿಯ ಮೇಲೆ ಕೂತಾಗ ಗೊತ್ತಾಗುತ್ತದೆ. ಮೆಮೊರಿ ಫೋಮ್ ತಣ್ಣಗಿದ್ದಾಗ ಬಿಗಿಯುತ್ತದೆ, ಕಾದಾಗ ಸಡಿಲವಾಗುತ್ತದೆ. ಡಿಸೆಂಬರಿನ ಬೆಂಗಳೂರಿನ ಬೆಳಗಿಗೂ ಮೇ ತಿಂಗಳ ಕಲಬುರಗಿಯ ಮಧ್ಯಾಹ್ನಕ್ಕೂ ಅದು ಒಂದೇ ಸೀಟಲ್ಲ.

ಎಲೆಕ್ಟ್ರಿಕ್ ಗಾಡಿಯಲ್ಲಿ ಸೀಟಿನ ಮೇಲ್ಭಾಗಕ್ಕಿಂತ ತಳವನ್ನು ಹೆಚ್ಚು ನೋಡಬೇಕು. ಮಾಡೆಲ್‌ಗೆ ತಕ್ಕಂತೆ ಅದರ ಕೆಳಗೆ ವೈರಿಂಗ್, ಫ್ಯೂಸ್, ಕಂಟ್ರೋಲರ್ (ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪೆಟ್ಟಿಗೆ), ಕನೆಕ್ಟರ್ ಇರುತ್ತವೆ. ತಳದ ರಬ್ಬರ್ ಗುಬುಟುಗಳು ಭಾರವನ್ನು ಚಾಸಿಗೆ ದಾಟಿಸುತ್ತವೆ. ಬೇರೆ ಸೀಟು ಹಾಕುವಾಗ ಅವುಗಳಲ್ಲಿ ಒಂದು ಬಿದ್ದುಹೋದರೂ ಸೀಟು ವೈರಿನ ಮೇಲೆ ಕೂರಬಹುದು. ಚಪಾತಿ ಹಿಟ್ಟಿನ ಗೋಲಿಯಷ್ಟು ಉಂಡೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಾಡಿ ಆಫ್ ಮಾಡಿ, ಒಂದೊಂದನ್ನು ಪ್ರತಿ ಗುಬುಟು ಕೂರುವ ಕಡೆ, ಒಂದೆರಡನ್ನು ವೈರಿನ ಕಟ್ಟಿನ ಮೇಲೆ ಇಡಿ. ಸೀಟು ಲಾಕ್ ಮಾಡಿ, ಮೇಲೆ ಕೂತು, ತೆಗೆದು ನೋಡಿ. ಗುಬುಟಿನ ಕೆಳಗಿನ ಉಂಡೆಗಳು ಒಂದೇ ಸಮ ಅಪ್ಪಚ್ಚಿಯಾಗಿರಬೇಕು, ವೈರಿನ ಮೇಲಿನದು 5 ಮಿ.ಮೀ. ಆದರೂ ದಪ್ಪ ಉಳಿದಿರಬೇಕು. ಉಳಿದಿಲ್ಲವೆಂದರೆ ಆ ಸೀಟು ಹಿಂದಿರುಗಿಸಿ. ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋದ ದಿನ ಸೀಟಿನ ಸುಖ ಯಾರಿಗೂ ನೆನಪಿರುವುದಿಲ್ಲ. ಕವರಿನ ಸ್ಟೇಪಲ್ ಪಿನ್ನುಗಳು ಸ್ಟೇನ್‌ಲೆಸ್ ಇರಲಿ, ತಳಕ್ಕೆ ಬೆರಳಾಡಿಸಿದರೆ ಒಂದೂ ತಡೆಯಬಾರದು. ಕಂಟ್ರೋಲರಿಗೆ ಗಾಳಿಯಾಡುವ ಸಂದಿಗೆ ಫೋಮ್ ತುರುಕಬೇಡಿ.

ಕೊನೆಗೆ, ಇಳಿದು ಸ್ವಲ್ಪ ಹೊತ್ತು ನಡೆದರೂ ಜೋಮು ಬಿಡದಿದ್ದರೆ ಸೀಟು ಬದಲಿಸುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ತೊಡೆಸಂದಿ ಮರಗಟ್ಟಿ ಮೂತ್ರ ಹೋಗಲು ಕಷ್ಟವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ನನ್ನ ಎತ್ತರ 5 ಅಡಿ 3 ಅಂಗುಲ. ಸೀಟಿನ ಫೋಮ್ 4 ಸೆಂ.ಮೀ. ಇಳಿಸಿದರೆ ಕಾಲಿಗೆ ನೆಲ ಸಿಗುತ್ತದಲ್ಲ?
– ಓದುಗರು, ಶಿವಮೊಗ್ಗ

ಸಿಗುತ್ತದೆ, ಬೆನ್ನು ಹೋಗುತ್ತದೆ. ಎತ್ತರ ಇಳಿಸುವ ಬದಲು ಮುಂಭಾಗದ ಎರಡೂ ಬದಿಯ ಅಂಚನ್ನು ಸಣ್ಣ ಮಾಡಿಸಿ. ತೊಡೆ ಅಗಲಿಸುವುದು ತಪ್ಪಿದರೆ ಪಾದ ತಾನಾಗಿ ನೆಲದ ಹತ್ತಿರ ಬರುತ್ತದೆ.

ಬ್ಯಾಟರಿ ಮೇಲೆ ಕೂರುವುದರಿಂದ ರೇಡಿಯೇಷನ್ ಬರುತ್ತದಂತೆ, ಸೀಟಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಬೇಕಂತೆ?
– ಓದುಗರು, ಮೈಸೂರು

ಖಂಡಿತ ಬೇಡ. ಫಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ. ಕಿತ್ತುಬಂದು ಟರ್ಮಿನಲ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಇದನ್ನು ಹೇಳಿಕೊಟ್ಟವರ ಮಾತು ಇನ್ನು ಮುಂದೆ ಕೇಳಬೇಡಿ.

ಮ್ಯಾಗ್ನೆಟ್ ಇರುವ ಸೀಟ್ ಕವರ್ ಸಯಾಟಿಕಾ ವಾಸಿ ಮಾಡುತ್ತದೆಯೇ?
– ಓದುಗರು, ಹುಬ್ಬಳ್ಳಿ

ಇಲ್ಲ.

ಮರದ ಮಣಿಯ ಕವರ್ ಹಾಕಿದರೆ ಹೇಗೆ?
– ಓದುಗರು, ಬಳ್ಳಾರಿ

ಗಾಳಿಯಾಡುತ್ತದೆ, ನಿಜ. ಆದರೆ ರೀಜೆನ್ ಹಿಡಿದಾಗ ಮಣಿಯ ಮೇಲೆ ಮೈ ಜಾರುತ್ತದೆ. ದಪ್ಪ ಜಾಲರಿಯ ಕವರ್ ಆಗಬಹುದು, ಅದರ ಪಟ್ಟಿಗಳು ಚಕ್ರದ ಕಡೆ ನೇತಾಡದಂತೆ ಬಿಗಿದಿದ್ದರೆ.

ಹಿಂದಿನ ಸೀಟು ತೆಗೆಸಿ ಸಿಂಗಲ್ ಸೀಟ್ ಮಾಡಿಸಬಹುದೇ?
– ಓದುಗರು, ಬೆಂಗಳೂರು

ಆರ್‌ಸಿಯಲ್ಲಿ ಇಬ್ಬರ ಗಾಡಿ ಎಂದಿದೆ. ಆರ್‌ಸಿಯಲ್ಲಿನ ವಿವರಕ್ಕೂ ಗಾಡಿಗೂ ಹೊಂದದಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಎರಡೂ ಸೀಟು ಉಳಿಸಿ ಆಕಾರ ಬದಲಿಸುವುದಾದರೂ ಹಿಂದೆ ಕೂರುವವರ ಹಿಡಿಕೆ ಮತ್ತು ಕಾಲಿಡುವ ಪೆಡಲ್ ಮುಟ್ಟಬೇಡಿ. ಅವೆರಡೂ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಇರಲೇಬೇಕು.

ಹೊಸ ಕವರ್ ಹಾಕಿಸಿದ್ದೇನೆ, ಮಳೆ ನಿಂತು ಎರಡು ದಿನವಾದರೂ ಪ್ಯಾಂಟ್ ಒದ್ದೆಯಾಗುತ್ತದೆ.
– ಓದುಗರು, ಉಡುಪಿ

ಹೊಲಿಗೆಯ ತೂತಿನಿಂದ ನೀರು ಇಳಿದು ಫೋಮ್ ಹೀರಿಕೊಂಡಿದೆ. ಮೇಲೆ ಬಿಸಿಲಿಗಿಟ್ಟರೆ ಒಣಗುವುದಿಲ್ಲ. ಹಿಂಬದಿಯ ಪಿನ್ನು ಬಿಚ್ಚಿ ಕವರನ್ನು ಅರ್ಧ ಸುಲಿದು, ಸೀಟನ್ನು ನೆಟ್ಟಗೆ ನಿಲ್ಲಿಸಿ, ಫ್ಯಾನ್ ಕೆಳಗೆ ಎರಡು ದಿನ ಬಿಡಿ. ಹೊಲಿಗೆಯ ಒಳಮೈಗೆ ಸೀಮ್ ಸೀಲಿಂಗ್ ಟೇಪ್ ಹಾಕಿಸಿ ಮತ್ತೆ ಬಿಗಿಸಿ. ಮುಂದಿನ ಸಲ ಕೂರುವ ಜಾಗದಲ್ಲಿ ಹೊಲಿಗೆಯೇ ಬಾರದಂತೆ ಒಂದೇ ತುಂಡಿನ ರೆಕ್ಸಿನ್ ಕೇಳಿ; ಡೈಮಂಡ್ ಹೊಲಿಗೆಯ ಕವರ್ ನಿಮ್ಮ ಕರಾವಳಿಯ ಮಳೆಗೆ ಆಗಿಬರುವುದಿಲ್ಲ.