ಇಲ್ಲದ ಮಂಡಿನೋವಿಗೆ ಕಾದಿರುವ ಕುರ್ಚಿ

ಈ ವಾರದ ಒಂದು ಪತ್ರವನ್ನು ಓದಿ ಬದಿಗಿಡಲು ನನ್ನಿಂದ ಆಗಲಿಲ್ಲ. ಎದ್ದು ಓಡಾಡಿ ಬಂದೆ, ಮತ್ತೆ ಓದಿದೆ. ಉಳಿದ ಪತ್ರಗಳವರು ಕ್ಷಮಿಸಿ, ಇಂದು ಇದೊಂದಕ್ಕೇ ಉತ್ತರ.

ಬರೆದವರಿಗೆ 61 ವರ್ಷ. ದಿನವೂ ಬೆಳಿಗ್ಗೆ ಅರ್ಧ ಗಂಟೆ ಮಂಡಿಯೂರಿ ಪ್ರಾರ್ಥಿಸುವ ಕ್ರೈಸ್ತ ಹೆಣ್ಣುಮಗಳು. ತಂಗಿ ತೀರಿಹೋದಾಗ ಒಂಬತ್ತು ವರ್ಷದವಳಾಗಿದ್ದ ಅವಳ ಮಗಳನ್ನು ತಂದು ಸಾಕಿದವರು. ಆ ಹುಡುಗಿ ಈಗ ತಾನು ಪ್ರೀತಿಸಿದ ಹೆಣ್ಣನ್ನು ಮದುವೆಯಾಗುತ್ತಿದ್ದಾಳೆ, ಕಾನೂನು ಅದಕ್ಕೆ ಒಪ್ಪಿರುವ ದೇಶದಲ್ಲಿ. ‘ಮದುವೆ ಎಂದರೆ ಗಂಡು ಹೆಣ್ಣಿನದು ಎಂದೇ ನನ್ನ ನಂಬಿಕೆ. ಹೋದರೆ ಇದಕ್ಕೆ ಆಮೆನ್ ಅಂದ ಹಾಗೆ. ಹೋಗದಿದ್ದರೆ ತಾಯಿಯಿಲ್ಲದ ಮಗುವನ್ನು ಎರಡನೇ ಸಲ ಅನಾಥೆ ಮಾಡಿದ ಹಾಗೆ. ನಾನೇನು ಮಾಡಲಿ?’ ಎಂದು ಕೇಳಿದ್ದಾರೆ.

ನಾಲ್ಕು ಪುಟದ ಪತ್ರದಲ್ಲಿ ಮೂರು ಪುಟ ಬೈಬಲ್ ವಚನಗಳೇ. ಕೊನೆಯ ಪುಟದ ಅಡಿಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಈ ಸಾಲುಗಳಿವೆ: ‘ಸದ್ಯಕ್ಕೆ ನನಗೆ ಮಂಡಿನೋವು, ಪ್ರಯಾಣ ಆಗುವುದಿಲ್ಲ ಅಂತ ನಮ್ಮ ಯಜಮಾನರು ಅವಳಿಗೆ ಹೇಳಿಬಿಟ್ಟಿದ್ದಾರೆ. ಪಾಪ, ಮೆಟ್ಟಿಲಿಲ್ಲದ ದಾರಿ ನೋಡಿದ್ದೇನೆ ದೊಡ್ಡಮ್ಮ, ಬಾಗಿಲ ಪಕ್ಕವೇ ಕೈಯಿರುವ ಕುರ್ಚಿ ಹಾಕಿಸುತ್ತೇನೆ ಅಂತ ಕುರ್ಚಿಯ ಫೋಟೋ ಕಳಿಸಿದ್ದಾಳೆ. ಅದಿರಲಿ.’

ಅದಿರಲಿ ಅಂದರೆ ಹೇಗಮ್ಮ ಇರುತ್ತದೆ?

ನಿಮ್ಮ ಮಂಡಿ ಗಟ್ಟಿಯಾಗಿದೆ. ಆದರೂ ಅಲ್ಲೊಬ್ಬಳು ತನ್ನ ಮದುವೆಯ ನೂರು ಕೆಲಸಗಳ ನಡುವೆ, ದೊಡ್ಡಮ್ಮ ಏಳುವಾಗ ಊರಲು ಕೈಯಿರಬೇಕು, ಹೆಚ್ಚು ನಡೆಸಬಾರದು ಅಂತ ಕುರ್ಚಿ ಹುಡುಕುತ್ತಿದ್ದಾಳೆ. ನೀವು ಬರುವುದಿಲ್ಲ ಎಂದಿದ್ದರೆ ಅವಳು ಅಳುತ್ತಿದ್ದಳು, ಸಿಟ್ಟಾಗುತ್ತಿದ್ದಳು, ಆಮೇಲೆ ಅದನ್ನು ನುಂಗಿಕೊಳ್ಳುತ್ತಿದ್ದಳು. ಈಗ ನೀವು ಅವಳ ಪ್ರೀತಿಯನ್ನೇ ದಾರಿ ತಪ್ಪಿಸಿದ್ದೀರಿ. ಇಲ್ಲದ ನೋವಿಗೆ ಆರೈಕೆ ಮಾಡಿಸಿಕೊಳ್ಳುತ್ತಿದ್ದೀರಿ.

ನಿಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಚರ್ಚ್ ಸಭೆಯ ಹಿರಿಯರು, ಹತ್ತು ಜನ ಏನಂದಾರೋ ಎಂಬ ಭಯ ಅವರಿಗಿದೆ ಎಂದು ಬರೆದಿದ್ದೀರಿ. ಭಯ ಅವರದು, ಮಂಡಿ ನಿಮ್ಮದು! ಸಲಿಂಗ ವಿವಾಹ ತಪ್ಪು ಎಂದು ಅವರು ನಂಬಿದ್ದರೆ ಹಾಗೆಂದು ಹುಡುಗಿಗೆ ತಮ್ಮ ಬಾಯಿಂದಲೇ ಹೇಳಬಹುದಿತ್ತು. ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿಯ ಮಾತೂ ಇದೆ. ಒಂದು ವಚನ ಕಾಪಾಡಲು ಇನ್ನೊಂದನ್ನು ಮುರಿದು, ಅದನ್ನೂ ಹೆಂಡತಿಯ ಹೆಸರಿನಲ್ಲಿ ಮುರಿದವರ ಮೇಲೆ ನನಗೆ ಕನಿಕರ ಬರುತ್ತಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು: ಕಾರಣ ಹೇಳಿ, ನೆಪ ಹೇಳಬೇಡಿ. ನನ್ನ ಮದುವೆಗೆ ಬರಲು ಇಷ್ಟವಿಲ್ಲದ ಹಿರಿಯರೊಬ್ಬರು ಜ್ವರ ಎಂದು ಹೇಳಿ ಕಳಿಸಿದ್ದರು. ಮದುವೆಯ ಮರುದಿನ ನಾನು ಔಷಧಿ ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದೆ. ಅವರು ಜಗಲಿಯ ಮೇಲೆ ನಗುತ್ತಾ ಕೂತಿದ್ದರು. ಅವರ ವಿರೋಧವನ್ನು ನಾನು ಎಂದೋ ಮರೆತೆ. ಕೈಯಲ್ಲಿದ್ದ ಆ ಔಷಧಿಯನ್ನು ಇವತ್ತಿಗೂ ಮರೆತಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇದು ಪೊಳ್ಳು ಪ್ರಶ್ನೆಯಲ್ಲ. 2001ರ ಏಪ್ರಿಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಮೊದಲ ಬಾರಿಗೆ ಇಂಥ ಮದುವೆಗಳನ್ನು ಕಾನೂನಿನೊಳಗೆ ತಂದಾಗಿನಿಂದ ವಿಶ್ವಾಸಿಗಳ ಮನೆಮನೆಯಲ್ಲೂ ಇದು ಏಳುತ್ತಿದೆ, ಸಭೆಗಳೂ ಒಂದೇ ಉತ್ತರ ಕೊಡುತ್ತಿಲ್ಲ. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್, ಸಲಿಂಗ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದು, ಆದರೆ ಅದು ಮದುವೆಯಂತೆ ಕಾಣಬಾರದು ಎಂದಿತು. ಅಮೆರಿಕದ ಎಪಿಸ್ಕೋಪಲ್ ಸಭೆ 2015ರಲ್ಲೇ ಮದುವೆಗೇ ಬಾಗಿಲು ತೆರೆದಿತ್ತು. ಎಷ್ಟೋ ಸಭೆಗಳು ಇಂದಿಗೂ ಖಡಾಖಂಡಿತವಾಗಿ ಇಲ್ಲ ಎನ್ನುತ್ತವೆ. ನಿಮ್ಮ ನಂಬಿಕೆ ಬದಲಿಸಿ ಎಂದು ನಾನು ಕೇಳುವುದಿಲ್ಲ.

ಆದರೆ ಹೋದರೆ ಆಮೆನ್ ಅಂದ ಹಾಗೆ ಎಂಬುದನ್ನು ಒಪ್ಪಲಾರೆ. ‘ಈ ಮದುವೆಗೆ ಅಡ್ಡಿಯಿದ್ದರೆ ಈಗಲೇ ಹೇಳಿ’ ಎಂದು ಪಾದ್ರಿ ಕೇಳುತ್ತಾರಲ್ಲ, ಆಗ ಸುಮ್ಮನಿದ್ದರೆ ಒಪ್ಪಿದಂತಲ್ಲವೇ ಎಂದು ಕೇಳಿದ್ದೀರಿ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲೂ ಆ ಮಾತಿದೆ. ಅಲ್ಲಿ ಕೇಳುವುದು ಇವರು ನ್ಯಾಯಬದ್ಧವಾಗಿ ಕೂಡಲು ತಡೆ ಏನಾದರೂ ಇದೆಯೇ ಎಂದು. ನಿಮಗೆ ಇದು ಮೆಚ್ಚುಗೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನಾವು ಎಷ್ಟು ಮದುವೆಗಳಲ್ಲಿ ಮನಸ್ಸಿನಲ್ಲಿ ಬೇಡವೆಂದು ತಲೆಯಾಡಿಸುತ್ತಾ ಕೂತು ಬಂದಿಲ್ಲ!

ನೀವು ಉದ್ಧರಿಸಿದ ಅಪೊಸ್ತಲ ಪೌಲನನ್ನೇ ತೆಗೆದುಕೊಳ್ಳಿ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಹತ್ತನೇ ಅಧ್ಯಾಯ: ಅವಿಶ್ವಾಸಿ ಊಟಕ್ಕೆ ಕರೆದರೆ ಹೋಗಿ, ವಿಚಾರಣೆ ಮಾಡದೆ ಬಡಿಸಿದ್ದನ್ನು ತಿನ್ನಿ, ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಮಾತ್ರ ತಿನ್ನಬೇಡಿ. ಆಮಂತ್ರಣ ಪತ್ರಿಕೆಯೇ ಎಲ್ಲವನ್ನೂ ಹೇಳಿದೆಯಲ್ಲ ಎಂಬ ನಿಮ್ಮ ವಾದದಲ್ಲಿ ಹುರುಳಿದೆ. ಹಾಗಾದರೆ ಬೈಬಲಿನ ಎರಡನೆಯ ಅರಸುಗಳು ಗ್ರಂಥದ ಐದನೇ ಅಧ್ಯಾಯವನ್ನೂ ಓದಿ. ಇಸ್ರಾಯೇಲಿನ ದೇವರನ್ನು ನಂಬಿದ ಸಿರಿಯಾದ ಸೇನಾಪತಿ ನಾಮಾನ ಪ್ರವಾದಿ ಎಲೀಷನ ಮುಂದೆ ನಿಂತು ಕೇಳುತ್ತಾನೆ: ನನ್ನ ಒಡೆಯ ತನ್ನ ದೇವರಾದ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈಯ ಆಸರೆ ಹಿಡಿಯುತ್ತಾನೆ, ಆಗ ನಾನೂ ಬಾಗಬೇಕಾಗುತ್ತದೆ, ದೇವರು ಅದನ್ನು ಕ್ಷಮಿಸಲಿ. ಎಲೀಷ ಅವನನ್ನು ಬೈಯಲಿಲ್ಲ, ಸಮಾಧಾನದಿಂದ ಹೋಗು ಎಂದ. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯದೇ. ನಾಮಾನ ಬೆನ್ನುನೋವು, ಗುಡಿಗೆ ಬರಲಾರೆ ಅನ್ನಲಿಲ್ಲ. ತನ್ನ ಇಕ್ಕಟ್ಟನ್ನು ಬಾಯಿಬಿಟ್ಟು ಹೇಳಿದ.

ಅಮೆರಿಕದಲ್ಲಿ ಅಲಿಸ್ಟೇರ್ ಬೆಗ್ ಎಂಬ ಬೋಧಕರಿದ್ದಾರೆ. ಈ ವಿಷಯದಲ್ಲಿ ನಿಮ್ಮಷ್ಟೇ ಸಂಪ್ರದಾಯಸ್ಥರು. ಮೊಮ್ಮಗು ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಯನ್ನು ಮದುವೆಯಾಗುತ್ತಿದೆ, ಹೋಗಲೇ ಎಂದು ಒಬ್ಬ ಅಜ್ಜಿ ಅವರನ್ನು ಕೇಳಿದರು. ನಿಮ್ಮ ನಂಬಿಕೆ ಏನೆಂದು ಮೊಮ್ಮಗುವಿಗೆ ಗೊತ್ತಿದೆಯೇ ಎಂದು ಅವರು ಮೊದಲು ವಿಚಾರಿಸಿದರು. ಗೊತ್ತಿದೆ ಎಂದ ಮೇಲೆ, ಹಾಗಾದರೆ ಹೋಗಿ, ಉಡುಗೊರೆಯನ್ನೂ ಒಯ್ಯಿರಿ ಎಂದರು. ಈ ಸಲಹೆಗಾಗಿ 2024ರಲ್ಲಿ ಕ್ರೈಸ್ತ ರೇಡಿಯೊ ಜಾಲವೊಂದು ಅವರ ಕಾರ್ಯಕ್ರಮವನ್ನೇ ಕೈಬಿಟ್ಟಿತು. ಅವರು ಮಾತು ಹಿಂತೆಗೆದುಕೊಳ್ಳಲಿಲ್ಲ.

ಅವರು ಮೊದಲು ಕೇಳಿದ ಪ್ರಶ್ನೆಯನ್ನು ನಿಮಗೂ ಕೇಳುತ್ತೇನೆ. ನಿಮ್ಮ ಮನಸ್ಸಿನಲ್ಲಿ ಏನಿದೆಯೆಂದು ಆ ಹುಡುಗಿಗೆ ಗೊತ್ತೇ? ಪತ್ರ ನೋಡಿದರೆ ಇಲ್ಲ. ಅವಳಿಗೆ ಗೊತ್ತಿರುವುದು ನಿಮ್ಮ ಮಂಡಿಯ ಸುದ್ದಿ ಮಾತ್ರ.

ಹೋಗಿ ಎನ್ನುವುದೇ ನನ್ನ ಅಭಿಪ್ರಾಯ. ಪ್ರಾರ್ಥಿಸಲು, ವಾಚನ ಓದಲು, ಸಾಕ್ಷಿಯಾಗಿ ಸಹಿ ಹಾಕಲು ಕರೆದರೆ ಅದೊಂದನ್ನು ಬೇಡ ಎನ್ನಬಹುದು. ಕುರ್ಚಿಯಲ್ಲಿ ಕೂರಲು ಅದರಿಂದ ಅಡ್ಡಿಯಿಲ್ಲ. ಆದರೂ ಮನಸ್ಸಾಕ್ಷಿ ಒಪ್ಪದಿದ್ದರೆ ನಾನು ದೂಡುವುದಿಲ್ಲ. ಸಂಶಯಪಡುತ್ತಾ ಮಾಡಿದ್ದು ಪಾಪ ಎಂದು ರೋಮಾಪುರದವರಿಗೆ ಬರೆದವನೂ ಪೌಲನೇ.

ಆ ತೀರ್ಮಾನ ನಾಳೆಗಿರಲಿ. ಇವತ್ತು ಮಾಡಬೇಕಾದ್ದು ಒಂದೇ. ಅವಳಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನ್. ಮೊದಲ ವಾಕ್ಯವೇ ‘ನನ್ನ ಮಂಡಿಗೆ ಏನೂ ಆಗಿಲ್ಲ ಮಗಳೇ’ ಎಂದಾಗಿರಲಿ. ಆಮೇಲೆ ನಿಮ್ಮ ನಂಬಿಕೆ, ನಿಮ್ಮ ಸಂಕಟ, ಒಂಬತ್ತು ವರ್ಷದವಳನ್ನು ಮನೆಗೆ ಕರೆತಂದ ದಿನ, ಬಾಯಿಗೆ ಬಂದ ಕ್ರಮದಲ್ಲಿ ಹೇಳಿ. ಅವಳು ಸಿಟ್ಟಾದರೆ ಫೋನ್ ಇಡಬೇಡಿ. ಬರುತ್ತೀಯೋ ಇಲ್ಲವೋ ಎಂದು ಅವಳೇ ಕೇಳುತ್ತಾಳೆ, ಆಗ ನಿಮಗೆ ತಿಳಿದಷ್ಟು ಹೇಳಿ. ತಿಳಿಯದಿದ್ದರೆ ಇನ್ನೂ ತಿಳಿದಿಲ್ಲ ಎನ್ನಿ. ಯಜಮಾನರು ಪಕ್ಕದಲ್ಲಿ ಕೂತಿರಬಾರದು. ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ.