ನಿಮ್ಮ ಎಂಪಿ ಯಾವ ಓಣಿಯಲ್ಲಿ ಹೋದರು?

ಪೆರ್ಲದ ತಮ್ಮನಿಗೆ,

ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯಿತು, ಬಾಗಿಲ ಸಂದಿಯಿಂದ ಎಂಪಿಯ ಕರಪತ್ರ ಬಿದ್ದಿದೆ ಅಂತ ಬರೆದಿದ್ದೀಯ. ಇವರು ಪಾರ್ಲಿಮೆಂಟಿನಲ್ಲಿ ಯಾವುದಕ್ಕೆ ವೋಟು ಹಾಕಿದ್ದಾರೆ ಅಂತ ನೋಡುವುದು ಹೇಗೆ ಅನ್ನುವುದು ನಿನ್ನ ಪ್ರಶ್ನೆ. ಕೊನೆಗೆ "ನಮಗೆ ಹೇಗೂ ಇಲ್ಲಿ ವೋಟಿಲ್ಲ" ಅಂತ ಬೇರೆ ಸೇರಿಸಿದ್ದೀಯ.

ವೋಟು ಉಂಟು ಮಾರಾಯ! ಕಾಮನ್‌ವೆಲ್ತ್ ದೇಶದವರು ಸರಿಯಾದ ವೀಸಾದಲ್ಲಿ ಇಲ್ಲಿ ವಾಸವಿದ್ದರೆ ಪಾರ್ಲಿಮೆಂಟ್ ಚುನಾವಣೆಗೂ ವೋಟು ಹಾಕಬಹುದು. ನನಗೂ ಇದು ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ. ಹೆಸರು ಸೇರಿಸಿಕೋ. ಗುರುತಿಗೆ ನಮ್ಮ ಭಾರತದ ಪಾಸ್‌ಪೋರ್ಟೇ ಸಾಕು. ಒಂದು ವೋಟಿಂದ ಏನಾಗುತ್ತದೆ ಅಂತ ನೀನಂತೂ ಕೇಳುವ ಹಾಗಿಲ್ಲ. 2016ರಲ್ಲಿ ನಿಮ್ಮ ಮಂಜೇಶ್ವರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 89 ವೋಟು, ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ಊರಲ್ಲಿ ನಮಗೆ ಈ ಅಭ್ಯಾಸವೇ ಇಲ್ಲ. ಲೋಕಸಭೆಯಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಯಾರು ಹೂಂ ಅಂದರು, ಯಾರು ಊಹೂಂ ಅಂದರು ಅಂತ ಹೆಸರು ದಾಖಲಾಗುವುದಿಲ್ಲ. ಇಲ್ಲೂ ಮೊದಲು ಕೂಗುವುದೇ. ಆದರೆ ಎರಡೂ ಕಡೆಯವರು ಪಟ್ಟು ಬಿಡದಿದ್ದರೆ ಗಂಟೆ ಹೊಡೆಯುತ್ತದೆ. ಎಂಟು ನಿಮಿಷದಲ್ಲಿ ಬಾಗಿಲು ಹಾಕುತ್ತಾರೆ. ಹೌದು ಅನ್ನುವವರು ಸ್ಪೀಕರ್ ಬಲಗಡೆಯ ಓಣಿಗೆ (ಸದನದ ಪಕ್ಕದ 'ಲಾಬಿ'ಗೆ ನಾನು ಓಣಿ ಅನ್ನುತ್ತೇನೆ), ಇಲ್ಲ ಅನ್ನುವವರು ಎಡಗಡೆಯ ಓಣಿಗೆ. ಹೋಗುವಾಗ ಕಾರ್ಡು ತಾಗಿಸಬೇಕು. ಅದೇ ದಿನ ಪಾರ್ಲಿಮೆಂಟಿನ 'ಕಾಮನ್ಸ್ ವೋಟ್ಸ್' ಜಾಲತಾಣದಲ್ಲಿ ಹೆಸರು ಸಮೇತ ಪಟ್ಟಿ ಬರುತ್ತದೆ.

ನೀನು 'ದೇ ವರ್ಕ್ ಫಾರ್ ಯೂ' ಅನ್ನುವ ಜಾಲತಾಣದಿಂದ ಶುರು ಮಾಡು. 2004ರಿಂದ ಇದೆ. ಪೋಸ್ಟ್‌ಕೋಡ್ ಹಾಕಿದರೆ ನಿನ್ನ ಎಂಪಿಯ ಪುಟ ತೆರೆಯುತ್ತದೆ. ಯಾವ ವಿಷಯಕ್ಕೆ ಪರ, ಯಾವುದಕ್ಕೆ ವಿರೋಧ ಅಂತ ಒಂದೊಂದು ಸಾಲಿನಲ್ಲಿ ಹೇಳುತ್ತದೆ. ಆ ಸಾಲನ್ನೇ ನಂಬಿ ಕೂರಬೇಡ. ಒಳಗೆ ಹೋಗಿ, ಅವತ್ತು ಸದನದ ಮುಂದಿದ್ದ ಪ್ರಶ್ನೆ ಏನು ಅಂತ ಓದು. 2024ರ ಜುಲೈಯಲ್ಲಿ ಎರಡೇ ಮಕ್ಕಳಿಗೆ ಭತ್ಯೆ ಅನ್ನುವ ಮಿತಿ ತೆಗೆಯಬೇಕು ಅಂತ ಒಂದು ತಿದ್ದುಪಡಿ ಬಂತು. ಅದಕ್ಕೆ ಹೌದು ಅಂದವರು 103, ಇಲ್ಲ ಅಂದವರು 363. ಇಲ್ಲಿ 'ಹೌದು' ಅಂದರೆ ಸರ್ಕಾರದ ವಿರುದ್ಧ! ಹಾಗೆ ಹೌದು ಅಂದ, ಆಗ ಸರ್ಕಾರ ನಡೆಸುತ್ತಿದ್ದ ಲೇಬರ್ ಪಕ್ಷದ್ದೇ ಏಳು ಎಂಪಿಗಳನ್ನು ಪಕ್ಷ ಅಮಾನತು ಮಾಡಿತು. ಸೀಟು ಮಾತ್ರ ಹೋಗಲಿಲ್ಲ. ನಮ್ಮಲ್ಲಿ 1985ರ ಪಕ್ಷಾಂತರ ಕಾನೂನಿನ ಪ್ರಕಾರ ವಿಪ್, ಅಂದರೆ ಹೀಗೇ ವೋಟು ಹಾಕಬೇಕು ಅನ್ನುವ ಪಕ್ಷದ ಆದೇಶ, ಮೀರಿದರೆ ಸೀಟಿಗೇ ಸಂಚಕಾರ.

ಇನ್ನೊಂದು, ನಾನೇ ಬಿದ್ದ ಗುಂಡಿ. ಒಂದು ಮುಖ್ಯ ವೋಟಿನ ದಿನ ಎರಡೂ ಪಟ್ಟಿಯಲ್ಲಿ ನಮ್ಮ ಎಂಪಿಯ ಹೆಸರು ಕಾಣಲಿಲ್ಲ. "ಸಂಬಳ ತಗೊಂಡು ಎಲ್ಲಿ ಹೋಗಿದ್ರಿ?" ಅನ್ನುವ ಧಾಟಿಯಲ್ಲಿ ರಾತ್ರಿ ಹನ್ನೊಂದಕ್ಕೆ ಮೇಲ್ ಹಾಕಿದೆ. ಮೂರು ದಿನ ಬಿಟ್ಟು ಉತ್ತರ ಬಂತು, ತುಂಬ ವಿನಯದಿಂದ: ಅವತ್ತು ಅವರು ಟೆಲ್ಲರ್. ಅಂದರೆ ಓಣಿಯ ಬಾಗಿಲಲ್ಲಿ ನಿಂತು ತಲೆ ಎಣಿಸುವವರು. ಒಂದೊಂದು ಕಡೆಗೆ ಇಬ್ಬರು. ಅವರ ಹೆಸರು ಬೇರೆಯೇ ಹಾಕಿರುತ್ತಾರೆ, ಲೆಕ್ಕದಲ್ಲಿ ಸೇರುವುದಿಲ್ಲ. ನನ್ನ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. ಕಾಯಿಲೆ, ಎದುರು ಪಕ್ಷದ ಒಬ್ಬರ ಜೊತೆ "ನೀವೂ ಬೇಡ, ನಾವೂ ಬೇಡ" ಅನ್ನುವ ಒಪ್ಪಂದ, ಬೇಕೆಂದೇ ದೂರ ಉಳಿದದ್ದು, ಎಲ್ಲವೂ ದಾಖಲೆಯಲ್ಲಿ ಒಂದೇ ಥರ ಕಾಣುತ್ತದೆ. ಸುಮ್ನೆ ಬೈಯಬೇಡ, ಕೇಳು. ಉತ್ತರ ಕೊಡುತ್ತಾರೆ.

ಎಂಪಿಯ ಮನಸ್ಸು ಜಾಸ್ತಿ ಕಾಣುವುದು ಪಕ್ಷ "ನಿಮಗೆ ಸರಿ ಕಂಡ ಹಾಗೆ ವೋಟು ಹಾಕಿ" ಅಂತ ಬಿಟ್ಟಾಗ. 2024ರ ನವೆಂಬರ್ 29ರಂದು ಸಾಯುವ ಹಂತದ ರೋಗಿಗಳು ಬಯಸಿದರೆ ಜೀವ ಕೊನೆಗೊಳಿಸಿಕೊಳ್ಳಲು ನೆರವು ಕೊಡುವ ಮಸೂದೆ ಬಂದಾಗ ವಿಪ್ ಇರಲಿಲ್ಲ. 330 ಪರ, 275 ವಿರೋಧ. ಪ್ರಧಾನಿ ಸ್ಟಾರ್ಮರ್ ಒಂದು ಓಣಿಯಲ್ಲಿ ಹೋದರೆ ಅವರದೇ ಆರೋಗ್ಯ ಮಂತ್ರಿ ಸ್ಟ್ರೀಟಿಂಗ್ ಇನ್ನೊಂದರಲ್ಲಿ. ನಿನ್ನ ಎಂಪಿ ಆಗ ಎಲ್ಲಿದ್ದರು ಅಂತ ಮೊದಲು ಅದನ್ನೇ ಹುಡುಕು. ಭಾನುವಾರ ಫೋನ್ ಮಾಡು. ಊರಿಂದ ತಂದ ಹಲಸಿನ ಹಪ್ಪಳ ಉಳಿದಿದ್ದರೆ ಅದನ್ನೂ ಹೇಳು.